ಜ್ವರ ಕಾಣದವರ ಮನೆಯಲ್ಲಿ

ಗದಗ, ಕ್ರಿ.ಶ. 2311, ಫೆಬ್ರವರಿ ಮೂವತ್ತು

ಮೂರು ಶತಮಾನದ ಹಿಂದಿನ ಹಿರಿಯರೇ,

ತಾರೀಖು ನೋಡಿ ನಗಬೇಡಿ. ಪಂಚಾಂಗ ತಿದ್ದಿದ ಮೇಲೆ ಫೆಬ್ರವರಿಗೂ ಮೂವತ್ತು ದಿನ ಬಂದಿವೆ. ನನ್ನ ಕನ್ನಡ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಅದನ್ನೂ ಕ್ಷಮಿಸಿ.

ನಮ್ಮಲ್ಲಿ ಹೆಸರಿಡುವ ದಿನವೇ ಕೂಸಿನ ರಕ್ತಕ್ಕೆ ಕಾವಲುಕಣ ಬಿಡುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಯಂತ್ರಗಳು ಅವು. ನಿಮ್ಮ ಪ್ರಯೋಗಶಾಲೆಗಳಲ್ಲಿ ಈಗಷ್ಟೇ ಕಣ್ಣು ಬಿಡುತ್ತಿರುವ ನ್ಯಾನೋ ಕಣಗಳ ಮರಿಮಕ್ಕಳು. ರೋಗ ತಲೆಯೆತ್ತುವ ಮೊದಲೇ ಹುಡುಕಿ ಮುಗಿಸುತ್ತವೆ. ನಮ್ಮ ಓಣಿಯಲ್ಲಿ ಜ್ವರ ಕಂಡವರೇ ಇಲ್ಲ. ಆಸ್ಪತ್ರೆಯಲ್ಲಿ ಮಂಚಗಳಿಲ್ಲ, ನಿಂತುಕೊಂಡೇ ಕಣ ತುಂಬಿಸಿಕೊಂಡು ಬರುತ್ತೇವೆ.

ನನ್ನ ತಂಗಿ ಅಂಬಕ್ಕನ ಮೈ ಮಾತ್ರ ಅವನ್ನು ಒಪ್ಪಲಿಲ್ಲ. ಬಿಟ್ಟ ಕಣಗಳನ್ನೆಲ್ಲ ಅವಳ ರಕ್ತವೇ ಕೊಂದುಹಾಕುತ್ತಿತ್ತು. ಆದರೂ ಗಟ್ಟಿಯಾಗಿ ಬೆಳೆದಳು, ಮಕ್ಕಳಿಗೆ ಈಜು ಕಲಿಸುವ ಕೆಲಸ ಹಿಡಿದಳು. ಹೋದ ಶ್ರಾವಣದಲ್ಲಿ ಅವಳ ಮೈ ಕಾಯತೊಡಗಿತು.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಕೈ ಹಿಡಿದರು. "ಕಣಕ್ಕ ಅಪ್ಪಣೆ ಕೊಡೂದಷ್ಟ ನಾ ಕಲ್ತೀನ್ರಿ. ಕಣ ಇಲ್ಲದ ಮೈಗೆ ಏನ್ ಮಾಡಬೇಕಂತ ನಮಗ ಯಾರೂ ಹೇಳಿಕೊಟ್ಟಿಲ್ರಿ," ಎಂದರು. ಅವರ ಕಣ್ಣು ತುಂಬಿತ್ತು. ಹಳೆಯ ಮಾತ್ರೆಗಳನ್ನು ಮಾಡುವವರು ಯಾರೂ ಉಳಿದಿಲ್ಲ.

ಮನೆಗೆ ಕರೆತಂದೆವು. ಅವ್ವ ಹೊಸ್ತಿಲಲ್ಲೇ ನಿಂತಳು. "ಮುಟ್ಟಿದರ ಆಕಿಗೆ ನೋವಾಗ್ತದೇನ?" ಎಂದು ನನ್ನನ್ನು ಕೇಳಿದಳು. ನನಗೆಲ್ಲಿ ಗೊತ್ತು? ನೆರೆಯವರು ಕಿಟಕಿಯಲ್ಲಿ ಇಣುಕಿ, ಹೆದರಿ ಸರಿದುಹೋದರು.

ಪಾತ್ರೆ ತೊಳೆದ ಕೈ ಒರೆಸಿಕೊಳ್ಳದೆ ಬಂದು ಅವಳ ಹಣೆ ಮುಟ್ಟಿದೆ. ಅಂಬಕ್ಕ ಕಣ್ಣು ಮುಚ್ಚಿದಳು. "ಅಕ್ಕಾ, ಕೈ ತೆಗೀಬ್ಯಾಡ. ಹಿಂಗ ಇರು."

ಆಮೇಲೆ ಅವ್ವನೂ ಒಳಗೆ ಬಂದಳು. ಒಬ್ಬರಾದ ಮೇಲೆ ಒಬ್ಬರು ಅಂಗೈ ತೋಯಿಸಿಕೊಂಡು ಬಂದು ಹಣೆಯ ಮೇಲಿಟ್ಟೆವು. ನಮ್ಮ ಅಂಗೈ ಬಿಸಿಯಾಗುತ್ತಿತ್ತು, ಮತ್ತೆ ನೀರಿಗೆ ಓಡುತ್ತಿದ್ದೆವು. ಒಂದು ಮಧ್ಯಾಹ್ನ ನನ್ನ ಕೈಯ ಕೆಳಗೇ ಅವಳು ಹೋದಳು.

ಬಟ್ಟೆ ತೋಯಿಸಿ ಹಣೆಗೆ ಹಾಕಬಹುದಿತ್ತೆಂದು ನನಗೆ ಹೊಳೆದದ್ದು, ಅವಳ ಸೀರೆ ಒಗೆದು ಹಿಂಡುವಾಗ.

ಕಾವಲುಕಣ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಮಾಡಿ, ನಮ್ಮ ಓಣಿ ತುಂಬ ಆಡುವ ಮಕ್ಕಳು ಅದರಿಂದಲೇ ಉಳಿದವರು. ಆದರೆ ಕಾಯಿಲೆಯವರ ಪಕ್ಕದಲ್ಲಿ ನೀವು ಹೇಗೆ ಕೂರುತ್ತೀರಿ, ಏನು ಕುಡಿಸುತ್ತೀರಿ, ಏನು ಮಾತಾಡುತ್ತೀರಿ, ಅದನ್ನು ನಿಮ್ಮ ಮಕ್ಕಳಿಗೆ ಹೇಳಿಕೊಡಿ. ಅವರು ತಮ್ಮ ಮಕ್ಕಳಿಗೆ ಹೇಳಲಿ.

ಅವ್ವ ಈಗಲೂ ಊಟದ ನಡುವೆ ಕೈ ನಿಲ್ಲಿಸಿ ಕೇಳುತ್ತಾಳೆ: "ಆಕಿಗೆ ಹೊದಿಸಬೇಕಿತ್ತೋ, ಹೊದಿಕಿ ತೆಗೀಬೇಕಿತ್ತೋ?"

ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆ.

ನಿಮ್ಮ
ನೀಲಾಂಬಿಕೆ