ತಲೆ ಮುಟ್ಟಿ ಹಾಕುತ್ತಿದ್ದ ಹಾಜರಿ

ಕೆಸರೆ, ಮೈಸೂರು
೧೧ ಸೆಪ್ಟೆಂಬರ್ ೨೦೨೫, ಗುರುವಾರ

ಪ್ರೀತಿಯ ಅಮ್ಮನಿಗೆ,

ಮೊದಲು ನನ್ನ ಅಕ್ಷರಕ್ಕೆ ಬೈಯಬೇಡ. ಐದನೆಯ ಕ್ಲಾಸು ಮುಗಿಸಿದ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆಯೋ ನನಗೇ ಗೊತ್ತಾಗುವುದಿಲ್ಲ, ನೀನೇ ಸರಿ ಮಾಡಿಕೊಂಡು ಓದು. ಸಾಲುಗಳು ಮೇಲಕ್ಕೆ ಹತ್ತಿಕೊಂಡು ಹೋಗಿರುವುದು ಕಾಗದಕ್ಕೆ ಗೆರೆ ಇಲ್ಲದ್ದರಿಂದ.

ನಿನ್ನ ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ? ಮಸ್ಕತ್‌ನಲ್ಲಿ ಸೆಖೆ ಕಡಿಮೆಯಾಯಿತೇ? ಆ ಮನೆಯ ಮೆಟ್ಟಿಲು ಬಹಳ ಎಂದಿದ್ದೆ, ಬಟ್ಟೆ ಒಣಗಿಸಲು ಮೇಲೆ ಹೋದಾಗ ಸ್ವಲ್ಪ ಕುಳಿತುಕೊಂಡು ಇಳಿ, ಯಾರೂ ನೋಡುವುದಿಲ್ಲ. ಇಲ್ಲಿ ಅಜ್ಜಿ ಚೆನ್ನಾಗಿದ್ದಾರೆ. ಬಿ.ಪಿ. ಮಾತ್ರೆಯನ್ನು ನಾನು ಎದುರು ನಿಂತರೆ ಮಾತ್ರ ನುಂಗುತ್ತಾರೆ, ಇಲ್ಲದಿದ್ದರೆ ದೇವರ ಗೂಡಿನಲ್ಲಿ ವಿಭೂತಿ ತಟ್ಟೆಯ ಹಿಂದೆ ಸೇರಿಸಿಬಿಡುತ್ತಾರೆ. ಕೇಳಿದರೆ “ನನ್ ಸೊಸೆ ಬರೋಗಂಟ ನಾನೇನ್ ಸಾಯಲ್ಲ ಬುಡು ಕಣಮ್ಮಿ” ಎನ್ನುತ್ತಾರೆ. ನಾನೂ ಚೆನ್ನಾಗಿದ್ದೇನೆ. ಗಂಧದಕಡ್ಡಿ ಹೊಸೆಯುವ ಕೆಲಸ ಮಳೆಯಲ್ಲಿ ಒಂದಷ್ಟು ದಿನ ನಿಂತಿತ್ತು, ಈಗ ಮತ್ತೆ ಕಡ್ಡಿಗೆ ಹೊಸೆಯುವ ಮಸಾಲೆ ತಂದುಕೊಡುತ್ತಿದ್ದಾರೆ.

ಈ ಕಾಗದವನ್ನು ರಾಜೀವನಗರದ ಶಾಹಿದಾ ಆಂಟಿ ತರುತ್ತಾರೆ. ನಾಳೆ ಬೆಳಿಗ್ಗೆ ಮಸ್ಕತ್‌ಗೆ ವಾಪಸ್ಸು ಹೊರಡುತ್ತಾರಂತೆ. ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಭಾನುವಾರ ನೀನು ಫೋನ್ ಮಾಡಿದರೆ ನಿನ್ನ ಕಿರಿಮಗಳು ಲಾಸ್ಯ ನನ್ನ ಕೈಯಿಂದ ಕಿತ್ತುಕೊಂಡು ಮಾತಾಡುತ್ತಾಳೆ, ಅವಳ ಎದುರಿಗೆ ಹೇಳುವ ಹಾಗಿಲ್ಲ. ಅವಳು ಕೊಡುವಷ್ಟರಲ್ಲಿ ಆ ಕಡೆ ನಿನ್ನ ಮೇಡಂ ಕೂಗುತ್ತಾರೆ. ಉಳಿದ ಚೂರು ಸಮಯದಲ್ಲಿ ನನ್ನ ಬಾಯಿಗೆ “ಊಟ ಆಯ್ತಾ” ಬಿಟ್ಟು ಬೇರೇನೂ ಬರುವುದಿಲ್ಲ. ನನ್ನ ಸ್ವಭಾವ ನಿನಗೆ ಗೊತ್ತಲ್ಲ.

ನಮ್ಮ ಸಿಸ್ಟರ್‌ಗಳ ಸ್ಕೂಲು ಮುಚ್ಚಿದ್ದು ನಿನಗೆ ಹೇಳಿದ್ದೆ. ಹೇಗೆ ಎಂದು ಹೇಳಿರಲಿಲ್ಲ. ಫೆಬ್ರವರಿಯಲ್ಲಿ ಒಂದು ಮೀಟಿಂಗ್ ಕರೆದರು. ದೊಡ್ಡ ಫಾದರ್ ಬಂದಿದ್ದರು. ನಮ್ಮ ಕೆಸರೆಯ ಸ್ಕೂಲು, ರಾಜೀವನಗರದ್ದು, ಮಂಡಿ ಮೊಹಲ್ಲಾದ್ದು, ಮೂರರಲ್ಲೂ ಮಕ್ಕಳು ಕಡಿಮೆ, ಎರಡು ಕ್ಲಾಸಿಗೆ ಒಬ್ಬರೇ ಟೀಚರ್, ಹೀಗೆ ನಡೆಸಲು ಆಗುವುದಿಲ್ಲ, ಮೂರನ್ನೂ ಸೇರಿಸಿ ಊರಾಚೆ ರಿಂಗ್ ರೋಡಿನ ಹತ್ತಿರ ಒಂದೇ ಕಾಂಪೌಂಡಿನಲ್ಲಿ ಒಂದನೇ ಕ್ಲಾಸಿನಿಂದ ಪಿಯುಸಿವರೆಗೆ ಮಾಡುತ್ತೇವೆ, ವ್ಯಾನು ಬರುತ್ತದೆ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಒಳ್ಳೆಯ ಮನುಷ್ಯರು. ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಅಜ್ಜಿ ನನ್ನ ಸೊಂಟ ತಿವಿದು “ಮಗು ಅಷ್ಟ್ ದೂರ ಎಂಗೋದದು, ಕೇಳು” ಎಂದರು. ನಾನು ಏಳಬೇಕು ಎಂದುಕೊಳ್ಳುವಷ್ಟರಲ್ಲಿ, ನನಗೂ ಲಾಸ್ಯಳಿಗೂ ಪಾಠ ಹೇಳಿದ ಸಿಸ್ಟರ್ ಜೆಸಿಂತಾ ಎದ್ದು ನಿಂತರು. “ನಮ್ಮ ಅಕ್ಷತಾನೇ ನೋಡಿ. ಎಷ್ಟು ಜಾಣೆ ಇದ್ದಳು! ನಮ್ಮಲ್ಲಿ ಐದರವರೆಗೆ ಮಾತ್ರ ಇತ್ತು, ದೂರದ ಸ್ಕೂಲಿಗೆ ಹೋಗೋಕೆ ಹೆದರಿ ಅಲ್ಲಿಗೇ ನಿಂತುಬಿಟ್ಟಳು. ಇನ್ನು ಮೇಲೆ ಯಾವ ಮಗುವೂ ಹಾಗೆ ನಿಲ್ಲಬಾರದು” ಎಂದರು. ಅವರಿಗೆ ನನ್ನ ಮೇಲೆ ಪ್ರೀತಿ, ಕಣ್ಣಲ್ಲಿ ನೀರಿತ್ತು. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ಇನ್ನು ನಾನು ಎದ್ದು ಬೇಡ ಎನ್ನುವುದು ಹೇಗೆ? ಎಲ್ಲರೂ ಕೈ ಎತ್ತಿದಾಗ ನಾನೂ ಎತ್ತಿದೆ.

ಸಿಸ್ಟರನ್ನು ಕೊಳ್ಳೇಗಾಲದ ಕಡೆ ಯಾವುದೋ ಕಾನ್ವೆಂಟಿಗೆ ಕಳಿಸಿದರು. ಜೂನಿನಲ್ಲಿ ಲಾಸ್ಯ ಎರಡನೆಯ ಕ್ಲಾಸಿಗೆ ಹೊಸ ಸ್ಕೂಲಿಗೆ ಹೊರಟಳು. ಅಳಲಿಲ್ಲ ಅಮ್ಮಾ. ಅಜ್ಜಿ ಜಡೆ ಹಾಕಿ ಮುಗಿಸುವ ಮೊದಲೇ ಮನೆ ಮುಂದಿನ ಮೋರಿ ಚಪ್ಪಡಿಯ ಹತ್ತಿರ ಹೋಗಿ ವ್ಯಾನಿಗೆ ಕಾಯುತ್ತಿದ್ದಳು. ಸಂಜೆ ಬಂದರೆ ಕೈಕಾಲು ತೊಳೆಯುವ ತನಕ ಅದೇ ಪುರಾಣ. ಅಲ್ಲಿ ಗಂಟೆ ಹೊಡೆಯುವುದಿಲ್ಲವಂತೆ, ಹಾಡು ಬರುತ್ತದಂತೆ. ಕಾಲೇಜಿನ ಅಕ್ಕಂದಿರು ಕೆನ್ನೆ ಹಿಂಡುತ್ತಾರಂತೆ. ಮೀನಿನ ತೊಟ್ಟಿಯಲ್ಲಿ ಒಂದು ಮೀನಿಗೆ ಒಂದೇ ಕಣ್ಣಂತೆ. “ಇದರ್ ಬಾಯ್ಗೆ ಒಂದ್ ಬೀಗ ಸಿಕ್ಕಿದ್ರೆ ನೋಡೇ” ಎಂದು ಅಜ್ಜಿ ರೇಗುವಷ್ಟು ಮಾತು. ದಿನಾ ಬೆಳಿಗ್ಗೆ ಹತ್ತೂವರೆಗೆ ಸ್ಕೂಲಿನಿಂದ ನನ್ನ ಫೋನಿಗೆ ಇಂಗ್ಲಿಷಿನಲ್ಲಿ ಒಂದು ಮೆಸೇಜು ಬರುತ್ತಿತ್ತು. ಅದರಲ್ಲಿ ಲಾಸ್ಯ ಎಂಬ ಹೆಸರು ಮಾತ್ರ ನನಗೆ ಓದಲು ಬರುತ್ತಿತ್ತು. ಮಗು ಕ್ಷೇಮವಾಗಿ ತಲುಪಿದೆ ಎಂದು ತಿಳಿಸುತ್ತಾರೆ ಎಂದುಕೊಂಡು ದಿನವೂ ಅದು ಬಂದ ಮೇಲೆಯೇ ನಾನು ತಿಂಡಿ ತಿನ್ನುತ್ತಿದ್ದೆ. ನಿನಗೂ ಹೇಳಿದ್ದೆನಲ್ಲ, ದೊಡ್ಡ ಸ್ಕೂಲಿನವರಿಗೆ ಎಷ್ಟು ಕಾಳಜಿ ನೋಡಮ್ಮಾ ಎಂದು.

ಹೋದ ತಿಂಗಳು ಶಾಹಿದಾ ಆಂಟಿ ರಜಕ್ಕೆ ಬಂದವರು ನಮ್ಮ ಮನೆಗೆ ಬಂದಿದ್ದರು. ನಾನು ಹೆಮ್ಮೆಯಿಂದ ಫೋನ್ ತೋರಿಸಿದೆ. ಅವರು ಓದಿ ಹುಬ್ಬು ಗಂಟು ಹಾಕಿ, “ಯಾಕೇ, ಮಗೂನ ಸ್ಕೂಲಿಗೇ ಕಳಿಸ್ತಿಲ್ವಾ? ದಿನಾ ಆಬ್ಸೆಂಟು ಅಂತ ಬಂದೈತಲ್ಲೇ!” ಎಂದರು. ಅಜ್ಜಿಗೆ ಸಿಟ್ಟು ನೆತ್ತಿಗೇರಿತು. “ಯಾವನ್ ಅಂದದ್ದು? ದಿನಾ ವ್ಯಾನ್ ಹತ್ತಿಸೋಳು ನಾನು! ಮಗೂನ ದಾರೀಲಿ ಗಾಳಿಗ್ ತೂರ್‌ಬುಟ್ರಾ?” ಎಂದರು. ಲಾಸ್ಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು.

ಮಾರನೆಯ ದಿನ ಅಜ್ಜಿಯನ್ನು ಕರೆದುಕೊಂಡು ಸ್ಕೂಲಿಗೆ ಹೋದೆ. ಅಜ್ಜಿ ಇದ್ದರೆ ಮಾತು ಅವರದು, ನನಗೆ ಧೈರ್ಯ. ಗೇಟಿನಲ್ಲಿ ಮರಿಸ್ವಾಮಿ ಎನ್ನುವ ಗಾರ್ಡು ಆಧಾರ್ ಕಾರ್ಡ್ ಇದ್ದವರಿಗೆ ಮಾತ್ರ ಒಳಗೆ ಎಂದ. ಅಜ್ಜಿ ಕಾರ್ಡನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. “ನಾನೇನ್ ಗೋಡೆ ಹೊತ್ಕೊಂಡ್ ಹೋಯ್ತೀನೇನಪ್ಪಾ? ನನ್ ಮುಖ ನೋಡಿದ್ರೆ ಕಾರ್ಡ್ ಬೇಕಾ?” ಎಂದು ಜಗಳಕ್ಕೆ ನಿಂತರು. “ನೀವ್ ಪ್ರಿನ್ಸಿಪಾಲ್ರ ಅತ್ತೆ ಆದ್ರೂ ಕಾರ್ಡ್ ಬೇಕು ಕಣಜ್ಜಿ” ಎಂದ ಅವನು. ಹೀಗೆ ಮಾತು ಬರುವವರು ಹೊರಗೆ ಉಳಿದರು, ಬಾರದವಳು ಒಳಗೆ ಹೋದೆ.

ಕ್ಲಾಸ್ ಟೀಚರ್ ಸಮನ್ವಿತಾ ಮಿಸ್ ನನಗಿಂತ ಸ್ವಲ್ಪ ದೊಡ್ಡವರಿರಬಹುದು. ಕೆಟ್ಟವರಲ್ಲ. ಮೂರು ಸ್ಕೂಲಿನ ಮಕ್ಕಳು ಒಟ್ಟಿಗೆ ಬಂದು ಯಾರು ಯಾರೋ ಮುಖ ಗುರುತಿಲ್ಲ, ಹೆಸರು ಕೂಗಿದಾಗ ಪ್ರೆಸೆಂಟ್ ಮಿಸ್ ಎಂದವರಿಗೆ ಫೋನಿನಲ್ಲಿ ಒತ್ತುತ್ತಾರೆ, ಅನ್ನದವರ ಮನೆಗೆ ಅದು ತಾನಾಗಿಯೇ ಆಬ್ಸೆಂಟ್ ಎಂದು ಮೆಸೇಜು ಕಳಿಸುತ್ತದೆ. ನಾನು ಲಾಸ್ಯಳನ್ನು ತೋರಿಸಿದ ಮೇಲೆ “ಲಾಸ್ಯ ಅನ್ನೋ ಹುಡುಗಿ ಬರೋದೇ ಇಲ್ಲ ಅಂದ್ಕೊಂಡಿದ್ದೆ ಕಣ್ರೀ. ಕಿಟಕಿ ಪಕ್ಕ ಕೂರೋ ಈ ಮಗೂನ ನಾನು ಬೇರೆ ಯಾರೋ ಅಂದ್ಕೊಂಡೆ. ಒಂದ್ ದಿನಾನೂ ಬಾಯೇ ಬಿಟ್ಟಿಲ್ವಲ್ಲ” ಎಂದರು.

ಆಗ ನನಗೆ ತಿಳಿಯಿತು ಅಮ್ಮಾ. ಸಿಸ್ಟರ್ ಜೆಸಿಂತಾ ಯಾವತ್ತೂ ಹಾಜರಿ ಕೂಗುತ್ತಿರಲಿಲ್ಲ. ಬೆಂಚುಗಳ ನಡುವೆ ನಡೆದು ಒಬ್ಬೊಬ್ಬರ ತಲೆ ಮುಟ್ಟಿ, ಹೆಸರನ್ನು ತಾವೇ ಹೇಳಿಕೊಂಡು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದರು. ನನ್ನ ಕಾಲದಲ್ಲೂ ಹಾಗೆಯೇ. ಪ್ರಶ್ನೆ ಕೇಳಿದರೆ ಬಗ್ಗಿ ಕಿವಿ ಕೊಡುತ್ತಿದ್ದರು, ಕಿವಿಯಲ್ಲಿ ಉತ್ತರ ಹೇಳಿದರೆ ಸಾಕು. ಆ ಎರಡು ಕೋಣೆಯ ಸ್ಕೂಲಿನಲ್ಲಿ ಯಾರಿಗೂ ಗಟ್ಟಿಯಾಗಿ ಮಾತಾಡುವ ಅಗತ್ಯವೇ ಬಿದ್ದಿರಲಿಲ್ಲ. ಮನೆಯಲ್ಲಿ ಇಷ್ಟು ಹರಟುವ ಹುಡುಗಿ ಹೊರಗೆ ತುಟಿ ತೆರೆಯುವುದಿಲ್ಲ ಎಂದು ನಮಗೆ ಗೊತ್ತಾಗುವುದಾದರೂ ಹೇಗೆ?

ಮಿಸ್ ನನ್ನನ್ನು ಪ್ರಿನ್ಸಿಪಾಲರ ಹತ್ತಿರ ಕಳಿಸಿದರು. ಅವರು ಕುರ್ಚಿ ತೋರಿಸಿ ಕೂರಿಸಿಯೇ ಮಾತಾಡಿದರು. “ನಿಮ್ಮ ತಂಗಿಗೆ ಮಾತಿನ ತೊಂದರೆ ಇರೋ ಹಾಗಿದೆ. ಅಂಥ ಮಕ್ಕಳಿಗೆ ಬೇಕಾದ ಟೀಚರ್ ನಮ್ಮಲ್ಲಿಲ್ಲಮ್ಮ. ದಸರಾ ರಜದೊಳಗೆ ಕ್ಲಾಸಲ್ಲಿ ಮಾತಾಡಿದ್ರೆ ಸರಿ, ಇಲ್ಲದಿದ್ರೆ ಟಿ.ಸಿ. ಕೊಡ್ತೀವಿ, ಅವಳಿಗೆ ಹೊಂದೋ ಕಡೆ ಸೇರಿಸಿ. ತಂದೆ ಇಲ್ಲ ಅಂತೀರಿ, ತಾಯಿನ ಬರಹೇಳಿ” ಎಂದರು. ತೊಂದರೆ ಇಲ್ಲ ಸಾರ್, ಮನೆಗೆ ಬಂದು ನೋಡಿ, ಅವಳ ಬಾಯಿ ಮುಚ್ಚಿಸುವುದೇ ನಮಗೆ ಕಷ್ಟ ಎಂದು ಹೇಳಬೇಕಿತ್ತು. ಇಷ್ಟೇ ಮಾತು. ಆಯ್ತು ಸಾರ್ ಎಂದು ಎದ್ದುಬಂದೆ. ಅಜ್ಜಿ ಗೇಟಿನಲ್ಲಿ “ಏನಂದೆ? ಏನಂದ್ರು?” ಎಂದು ಬಸ್ಸು ಹತ್ತುವ ತನಕ ಕೇಳಿದರು.

ಆಮೇಲೆ ಮನೆಯಲ್ಲಿ ದಿನಾ ಅಭ್ಯಾಸ ಮಾಡಿಸಿದೆವು. ಅಜ್ಜಿಯೇ ಮಿಸ್ಸು. ಕನ್ನಡಕ ಹಾಕಿಕೊಂಡು “ಲಾಸ್ಯ ಶಿವರುದ್ರಪ್ಪ!” ಎಂದು ಕೂಗಿದರೆ ಇವಳು ಪಕ್ಕದ ಮನೆಗೆ ಕೇಳುವ ಹಾಗೆ “ಪ್ರೆಸೆಂಟ್ ಮಿಸ್!” ಎನ್ನುತ್ತಾಳೆ. ಬೆಕ್ಕಿನ ಹಾಜರಿಯನ್ನೂ ಇವಳೇ ಹೇಳುತ್ತಾಳೆ. ಸ್ಕೂಲಿನಲ್ಲಿ ಯಾಕೆ ಹೇಳುವುದಿಲ್ಲ ಎಂದರೆ “ಅಲ್ಲಿ ಮಿಸ್ ತಲೆ ಮುಟ್ಟಲ್ವಲ್ಲಕ್ಕ, ನನ್ನೇ ಕರೀತಿದಾರೆ ಅಂತ ಎಂಗ್ ಗೊತ್ತಾಗುತ್ತೆ” ಎನ್ನುತ್ತಾಳೆ. ಸಿಸ್ಟರ್‌ಗೆ ಫೋನ್ ಮಾಡಿದೆ. “ನನ್ನ ಮಾತು ಅಲ್ಲಿ ನಡೆಯೋಲ್ಲ ಮಗಳೇ. ನೀನೇ ಆ ಮಿಸ್‌ಗೆ ಹೇಳು, ಒಂದು ಸಲ ತಲೆ ಮೇಲೆ ಕೈಯಿಡಲಿ, ಮಗು ಬಾಯಿ ಬಿಡುತ್ತೆ” ಎಂದರು. ಸೋಮವಾರ ಮತ್ತೆ ಹೋದೆ. ಈ ಸಲ ಹೇಳಿದೆ ಅಮ್ಮಾ, ನೆಲ ನೋಡಿಕೊಂಡೇ ಆದರೂ ಪೂರ್ತಿ ಹೇಳಿದೆ. ಮಿಸ್ ನಕ್ಕರು. “ಒಬ್ಬೊಬ್ಬರ ತಲೆ ಸವರ್ತಾ ಕೂತ್ರೆ ಪಾಠ ಯಾವಾಗ್ರೀ ಮಾಡೋದು? ನಾನೇ ಒಂದು ಉಪಾಯ ಮಾಡ್ತೀನಿ, ನೀವು ಚಿಂತೆ ಬಿಡಿ” ಎಂದರು. ಮನಸ್ಸು ಹಗುರವಾಗಿ ಬಂದೆ.

ಇನ್ನೇನು ಬರೆಯಲಿ. ಮಾವಿನಕಾಯಿ ಉಪ್ಪಿನಕಾಯಿಯನ್ನೂ ಹುರಿಗಾಳನ್ನೂ ಶಾಹಿದಾ ಆಂಟಿಯ ಕೈಯಲ್ಲಿ ಕಳಿಸಿದ್ದೇನೆ, ಡಬ್ಬಿಯ ಮುಚ್ಚಳ ಬಿಗಿಯಾಗಿದೆ, ಬಟ್ಟೆ ಹಿಡಿದು ತಿರುಗಿಸು. ರಾತ್ರಿ ಎಸಿ ಕೆಳಗೆ ಮಲಗಬೇಡ. ಅಜ್ಜಿ ನಿನಗೆ ಆಶೀರ್ವಾದ ಹೇಳಿ ಎರಡು ಪೊಟ್ಟಣ ವಿಭೂತಿ ಕೊಟ್ಟಿದ್ದಾರೆ, ಒಂದು ನಿನಗೆ, ಒಂದು ನಿನ್ನ ಮೇಡಮ್ಮಿಗಂತೆ, ಬೇಡ ಎಂದರೂ ಕೇಳಲಿಲ್ಲ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಕಾಲಿಗೆ ನಮಸ್ಕರಿಸುವ ಮಗಳು,
ಅಕ್ಷತಾ

ಮರೆತ ಮಾತು: ಮರೆತಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಶಾಹಿದಾ ಆಂಟಿಯ ಮಗ ಕಾಗದಕ್ಕೆ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಸಂಜೆ ಲಾಸ್ಯ ಬಂದು ಒಂದು ಕಥೆ ಹೇಳಿದಳು. “ನಮ್ ಕ್ಲಾಸಲ್ಲಿ ಒಬ್ಳು ಹುಡುಗಿ ಅವ್ಳೆ ಕಣಕ್ಕ. ಪ್ರೆಸೆಂಟ್ ಅನ್ನೋಗಂಟ ಕೂರಂಗಿಲ್ಲ ಅಂತ ಮಿಸ್ ಬೋರ್ಡ್ ಹತ್ರ ನಿಲ್ಸಿದ್ರು. ಅವ್ಳು ಊಟದ ಬೆಲ್ ತನಕ ನಿಂತೇ ಇದ್ಲು. ಆಮೇಲ್ ಅಲ್ಲೇ ಉಚ್ಚೆ ಹೊಯ್ಕೊಂಬುಟ್ಲು. ಎಲ್ರೂ ನಕ್ರು. ಪಾಪ ಅಲ್ವಾ?” ಎಂದಳು. ಯಾರೇ ಅದು ಎಂದೆ. ಹೆಸರು ಗೊತ್ತಿಲ್ಲ ಎಂದಳು. ಉಚ್ಚೆ ನಾರುತ್ತಿದ್ದ ಲಾಸ್ಯಳ ಲಂಗ ತೊಳೆದು ಹಾಕಿದವಳು ನಾನು. ನಾನು ಬಾಯಿ ಬಿಟ್ಟು ಕೇಳಿದ್ದಕ್ಕೇ ಹೀಗಾಯಿತಲ್ಲ. ನೀನು ಬರಲಾಗುತ್ತದೆಯೇ ಅಮ್ಮಾ? ಆಗುವುದಿಲ್ಲ ಎಂದು ಗೊತ್ತು, ಆದರೂ ಕೇಳುತ್ತಿದ್ದೇನೆ. ಇವತ್ತು ಬೆಳಿಗ್ಗೆ ಅವಳು ಬ್ಯಾಗು ಹಾಕಿಕೊಂಡು ದಿನದ ಹಾಗೆ ವ್ಯಾನಿಗೆ ನಿಂತಿದ್ದಳು. ವ್ಯಾನು ಬಂದು ಹಾರ್ನ್ ಮಾಡಿತು. ನಾನು ಅವಳ ಭುಜ ಹಿಡಿದುಕೊಂಡು, ಮುಂದೆ ಹೋಗಿ ಎಂದು ಡ್ರೈವರಿಗೆ ಕೈ ಬೀಸಿದೆ. ವ್ಯಾನು ತಿರುಗುವ ತನಕ ನೋಡಿ, ಅವಳು “ಇವತ್ ರಜಾನಾ ಅಕ್ಕಾ?” ಎಂದಳು. ಹೂಂ ಎಂದೆ.