ಗಾಲಿಗೆ ಹಚ್ಚಿದ ವಿಭೂತಿ

ನನ್ನ ಹಟಮಾರಿ ಅಪ್ಪಾ,

'ದುಡಿಯುವ ಕೈಗೆ ಗಾಯವೇ...' ಮುಂದಿನದು ಏನಿತ್ತು? ಉಂಗುರವೋ, ಕಡಗವೋ? ರೈಸ್ ಮಿಲ್ಲಿನಿಂದ ಬಂದು ಕೈ ತೊಳೆಯುವಾಗ ನೀನು ಗುನುಗುತ್ತಿದ್ದ ಸಾಲು. ಇಷ್ಟು ವರ್ಷ ಕವಿತೆ ಓದಿದ್ದೇನೆ, ಮಕ್ಕಳಿಗೆ ಓದಿಸಿದ್ದೇನೆ. ಇದು ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಗಾಯ ಒಡವೆ ಹೇಗಾಗುತ್ತದೆ? ಅದನ್ನು ಕಟ್ಟಿದವನಿಗೆ ಹತ್ತೂ ಬೆರಳು ಇದ್ದಿರಬೇಕು.

ನಿನಗೆ ಎಂಟೇ ಉಳಿದಿದ್ದವು. ನಾನು ಕಾಲೇಜು ಸೇರಿದ ವರ್ಷದ ಖಂಡೇನವಮಿಯ ಆಯುಧಪೂಜೆ ನೆನಪಿದೆಯೇ? ಮಿಲ್ಲಿನ ಮಿಸ್ತ್ರಿಯಾದ ನೀನೇ, ಕೈ ಸಿಗದಿರಲೆಂದು ಬೆಲ್ಟಿನ ಗಾಲಿಗೆ ಹಾಕಿದ್ದ ಕಬ್ಬಿಣದ ಜಾಳಿಗೆ ಬಿಚ್ಚಿ, ಮೂರು ಬೆರಳಿನಿಂದ ವಿಭೂತಿ ಎಳೆದೆ. ಪೂಜೆ ಮುಗಿದರೂ ಜಾಳಿಗೆ ಮೂಲೆಯಲ್ಲೇ ಉಳಿಯಿತು. ಯಾಕೆಂದು ಕೇಳಿದ್ದಕ್ಕೆ, "ವಿಭೂತಿ ಹಚ್ಚಿದ ಮುಖಕ್ಕ ಯಾರರ ಮುಸುಕ ಹಾಕ್ತಾರೇನ? ದೀಪಾವಳಿತನಕ ಹಂಗ ಇರಲಿ ತಗೋ" ಅಂದೆ. ದೀಪಾವಳಿಗೆ ಮೂರು ದಿನ ಇರುವಾಗ, ವಿಭೂತಿ ಎಳೆದ ಆ ಮೂರರಲ್ಲಿ ಎರಡನ್ನು ಬೆಲ್ಟು ಎಳೆದುಕೊಂಡಿತು. "ನೈವೇದ್ಯ ಮುಟ್ಟಿತು ಬಿಡು" ಎಂದು ನೀನು ಆಸ್ಪತ್ರೆಯಲ್ಲಿ ನಕ್ಕೆ. ಅವ್ವ ನಗಲಿಲ್ಲ.

ನೀನು ತೀರಿಕೊಂಡ ಮೇಲೆ ಫೋಟೋ ಆಗಿ ಮಿಲ್ಲಿನ ಗೋಡೆ ಏರಿದೆ. ಅಕ್ಕಿಆಲೂರಿನ ಆ ಮಿಲ್ಲಿನಲ್ಲಿ ಇಂದಿಗೂ ಖಂಡೇನವಮಿಗೆ ಜಾಳಿಗೆ ಬಿಚ್ಚುತ್ತಾರೆ. ದೀಪಾವಳಿ ಮುಗಿದರೆ ಹೊಸ ಭತ್ತ ಬರುತ್ತದೆ, ಅದನ್ನು ಮತ್ತೆ ಕೂಡಿಸಲು ಯಾರಿಗೆ ಪುರಸೊತ್ತು? ತಪಾಸಣೆಯವರು ಬರುವ ಬೆಳಿಗ್ಗೆ ಮಾತ್ರ ಜಾಳಿಗೆ ಏರುತ್ತದೆ. ಅವರ ಜೀಪು ಹಾನಗಲ್ ರಸ್ತೆ ಹಿಡಿಯುವಷ್ಟರಲ್ಲಿ ಇಳಿಯುತ್ತದೆ. ಕೇಳಿದರೆ, ಮಿಸ್ತ್ರಿ ಅಪ್ಪಾರ ಪದ್ಧತಿ!

ಈ ಸಲ ಪೂಜೆಯಾದ ಐದನೇ ದಿನ, ಪಕ್ಕದ ಮನೆ ಗಂಗವ್ವನ ಸೊಸೆ ರೇಖಾ ಹರಿದ ಸೆರಗು ಹಿಡಿದುಕೊಂಡು ಬಂದಳು. ಬೆಲ್ಟಿನ ಪಕ್ಕ ತೌಡು ಬಳಿದು ತುಂಬುವ ಕೆಲಸ ಅವಳದು. "ಹಳೇ ಸೀರಿ ಇತ್ತಂತ ಹರದು ಉಳದೇನ್ರಿ ಅಕ್ಕೋರ. ಹೊಸಾದಿದ್ರ..." ಎಂದಳು.

ಮಿಲ್ಲಿಗೆ ಹೋದೆ. ಸಾವ್ಕಾರರು ಕುರ್ಚಿ ಹಾಕಿಸಿದರು, ಚಹಾ ತರಿಸಿದರು. "ನಮ್ದೇನೈತ್ರಿ ಅಕ್ಕೋರ? ನಿಮ್ಮ ಅಪ್ಪಾರು ಹಾಕಿಕೊಟ್ಟ ಪದ್ಧತಿ. ಮುರದು ಅವರಿಗೆ ಅವಮಾನ ಮಾಡೂಣೇನ?"

"ಅವರ ಬೆರಳ ಹೋದ್ವಲ್ಲರಿ!"

"ಹೋದ್ರೂ ಪದ್ಧತಿ ಬಿಡಲಿಲ್ಲಲ್ಲರಿ, ಪುಣ್ಯಾತ್ಮರು."

ನಿಜ ಅಪ್ಪಾ. ಬಿಡದಿದ್ದವನು ನೀನೇ ಅಲ್ಲವೇ? ಮರುವರ್ಷ ಎಡಗೈಯಿಂದ ಅದೇ ಜಾಳಿಗೆ ಬಿಚ್ಚಿದವನು... ಮಿಲ್ಲಿನವರೆಲ್ಲರ ಎದುರು ನಾನು ಸ್ಟೂಲು ಹತ್ತಿ ನಿನ್ನ ಫೋಟೋ ಇಳಿಸಿದೆ. "ವಿಭೂತಿ ಜಾಳಿಗಿಗೇ ಹಚ್ಚರಿ. ಜಾಳಿಗಿ ಗಾಲಿ ಮ್ಯಾಲ ಬಂದ ದಿನ ಅಪ್ಪ ಗ್ವಾಡಿ ಮ್ಯಾಲ ಬರ್ತಾನ" ಎಂದೆ. ಚಹಾ ಅಲ್ಲೇ ಉಳಿಯಿತು.

ಎರಡು ದಿನದಿಂದ ನನ್ನ ಪುಸ್ತಕದ ಕಪಾಟಿಗೆ ಒರಗಿ ಕೂತಿದ್ದೀಯ. ಮುಖದಲ್ಲಿ ಅದೇ ನಗೆ. ನೀನಿದ್ದಾಗ ಹೇಳಲಾಗದ್ದನ್ನು ಈಗ ಹೇಳುತ್ತೇನೆ, ಕೇಳು: ಆ ದಿನದ ನಿನ್ನ ನಗೆಯನ್ನು ನಾನು ಇನ್ನೂ ಕ್ಷಮಿಸಿಲ್ಲ. ನೀನು ಒಂದು ಸಲ ಅತ್ತಿದ್ದರೆ, 'ತಪ್ಪಾತು' ಅಂದಿದ್ದರೆ, ಆ ಜಾಳಿಗೆ ಎಂದೋ ಗಾಲಿಯ ಮೇಲೆ ಕೂರುತ್ತಿತ್ತು. ನೀನು ನಕ್ಕದ್ದೇ ಅವರಿಗೆಲ್ಲ ಶಾಸ್ತ್ರವಾಯಿತು.

ಇಷ್ಟು ಬರೆಯುವಷ್ಟರಲ್ಲಿ ಗಂಗವ್ವ ಬಂದಳು. ಒಳಗೆ ಬಾ ಎಂದರೂ ಬರದೆ ಬಾಗಿಲಲ್ಲೇ ನಿಂತು, ನಿನ್ನ ಫೋಟೋದ ಕಡೆ ಒಮ್ಮೆ ನೋಡಿ ಹೇಳಿದಳು:

"ಇವತ್ತ ಜಾಳಿಗಿ ಕೂಡಿಸ್ಯಾರ್ರಿ ಅಕ್ಕೋರ. ಅಪ್ಪಾರನ್ನ ಕೊಟ್ಟ ಕಳಸ್ರಿ ಅಂದಾರ ಸಾವ್ಕಾರ್ರು. ಆದ್ರ ನಮ್ಮ ಸೊಸಿ ಅಂತಾಳ, ಅವಸರ ಮಾಡಬ್ಯಾಡ್ರಿ ಅಂತ. ಅಪ್ಪಾರು ಗ್ವಾಡಿ ಏರಿದ ಕೂಡ್ಲೇ ಜಾಳಿಗಿ ಕೆಳಗ ಇಳೀತೈತಂತ."