ಹೊಳೆಯಲ್ಲಿ ಬಿದ್ದ ಮನೆ

ಕಣಕುಂಬಿ ಹತ್ತಿರದ ಹಳ್ಳಿಯಿಂದ, ಮಂಗಳವಾರ

ವೈನಿಯವರಿಗೆ ಶರಣು.

ಸುಖವಾಗಿ ಮುಟ್ಟಿದ್ದೇನೆ. ಈ ಕಾಡಿನಲ್ಲಿ ಫೋನ್ ಹತ್ತುವುದಿಲ್ಲ, ಅದಕ್ಕೇ ಕಾರ್ಡು. ಮಳೆಗಾಲದಲ್ಲಿ ದವಾಖಾನೆಗೆ ಹೋಗಲು ದಾರಿಯೇ ಇಲ್ಲದ ಮನೆಗಳ ನಕಾಶೆಯನ್ನು ನಮ್ಮ ಸುದ್ದಿತಾಣಕ್ಕೆ ಮಾಡುತ್ತಿದ್ದೇನಲ್ಲ, ಅದರಲ್ಲಿ ಮನೆಗೊಂದು ಕೆಂಪು ಚುಕ್ಕೆ. ಊರಿಗೆ ಎಷ್ಟು ಮನೆ ಎಂಬುದಷ್ಟೇ ನಮಗೆ ಗೊತ್ತು. ಚುಕ್ಕೆಗಳನ್ನು ಕಂಪ್ಯೂಟರೇ ಊರ ಗಡಿಯೊಳಗೆ ಸಿಕ್ಕಲ್ಲಿ ಎರಚುತ್ತದೆ. ಯಾರೂ ತಮ್ಮ ಮನೆ ಹುಡುಕಲಾರರು ಎಂದುಕೊಂಡಿದ್ದೆ. ನಾನು ಇಳಿದುಕೊಂಡ ಮನೆಯ ದ್ರೌಪದಾಬಾಯಿ ಹುಡುಕಲು ಕೂತೇಬಿಟ್ಟರು.

"ನಮ್ಮ ಮನಿ ಯಾವುದ್ರಿ?"

ಫೋನಿನಲ್ಲಿ ಮೊದಲೇ ಇಳಿಸಿಕೊಂಡಿದ್ದ ನಕಾಶೆಯಲ್ಲಿ ಸುಮ್ಮನೆ ಒಂದು ಚುಕ್ಕೆ ತೋರಿಸಿದೆ. ಅದು ಹೊಳೆಯ ನಡುವೆ ಇತ್ತು.

"ಮಳಿಗಾಲದಾಗ ಸೊಸಿ ಬಾಳಂತನ ಐತಿ. ನಮ್ಮನ್ನ ಹೊಳ್ಯಾಗ ಯಾಕ ಒಗದೀರಿ?" ಎಂದು ರೇಗಿದರು. ನನ್ನನ್ನು ತುಳಸಿಕಟ್ಟೆಯ ಮುಂದೆ ನಿಲ್ಲಿಸಿ, ಚುಕ್ಕೆಯನ್ನು ಅಲ್ಲಿಗೇ ತರಿಸಿದರು. ಆಮೇಲೆ ಅದಕ್ಕೆ ಕುಂಕುಮ ಹಚ್ಚಿದರು, ಫೋನಿನ ಗಾಜಿನ ಮೇಲೆಯೇ! ಈಗ ಊರವರೆಲ್ಲ ತಂತಮ್ಮ ಅಂಗಳಕ್ಕೆ ಕರೆಯುತ್ತಿದ್ದಾರೆ. ರವಿವಾರದ ತನಕ ಪೀರನವಾಡಿಗೆ ಬರಲಾಗದು, ಅಣ್ಣನಿಗೆ ಹೇಳಿರಿ.

ನೆಗಡಿ ಬಿಟ್ಟರೆ ಆರಾಮ. ಎರಡು ಹೊತ್ತೂ ಅನ್ನವೇ, ರೊಟ್ಟಿಯ ಮುಖ ಕಂಡಿಲ್ಲ.

ಬಸ್ಸಿನ ಹೊತ್ತಾಯಿತು, ಕಾರ್ಡು ಕಂಡಕ್ಟರ್ ಕೈಗೆ ಕೊಡಬೇಕು. ಕುಂಕುಮ ಒರೆಸಲು ಹೋದರೆ ದ್ರೌಪದಾಬಾಯಿ ಬಿಡುತ್ತಿಲ್ಲ. "ಇರಲಿ ಬಿಡ್ರಿ, ಆಂಬುಲೆನ್ಸ್‌ನವರಿಗೆ ಕಾಣಬೇಕು" ಎನ್ನುತ್ತಾರೆ. ಆಂಬುಲೆನ್ಸ್‌ನವರು ನಮ್ಮ ನಕಾಶೆ ನೋಡುವುದಿಲ್ಲ ಎಂದು ನಾನಿನ್ನೂ ಅವರಿಗೆ ಹೇಳಿಲ್ಲ.

ನಿಮ್ಮ ಮೈದುನ
ಗೌರೀಶ